ಯುವಜನರ ತರಬೇತಿಗೆ ಸರ್ಕಾರದ ಹಣ: ಸಣ್ಣ ಉದ್ಯಮಿಯ ಹಾಜರಿ ಪುಸ್ತಕದಿಂದ ನೋಡಿದಾಗ

ನವಲಗುಂದ ತಾಲೂಕಿನ ಮೊರಬ ಒಂದು ಹೋಬಳಿ ಕೇಂದ್ರ. ಸುತ್ತಲೂ ಎರೆಭೂಮಿ. ಹೆಸರು, ಕಡಲೆ, ಜೋಳ, ಗೋದಿ, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಇಲ್ಲಿಯ ಮುಖ್ಯ ಬೆಳೆಗಳು. ಇಂಥ ಹೋಬಳಿ ಊರುಗಳ ಉದ್ಯಮಗಳೂ ಈ ಬೆಳೆಗಳ ನೆರಳಿನಲ್ಲಿಯೇ ಬೆಳೆದಂಥವು: ಹಿಟ್ಟಿನ ಗಿರಣಿ, ಬೇಳೆ ಗಿರಣಿ, ಕೂರಿಗೆ ಮತ್ತು ಟ್ರೇಲರ್ ತಯಾರಿಸುವ ವೆಲ್ಡಿಂಗ್ ಕಾರ್ಯಾಗಾರ, ಟ್ರ್ಯಾಕ್ಟರ್ ದುರಸ್ತಿ ಗ್ಯಾರೇಜು, ಬೀಜ-ಗೊಬ್ಬರದ ಅಂಗಡಿ, ಕಾಳುಕಡಿ ವ್ಯಾಪಾರ. ಇವುಗಳಲ್ಲಿ ದುಡಿಯುವವರ ಸಂಖ್ಯೆ ಸಾಮಾನ್ಯವಾಗಿ ಒಂದು ಕೈಬೆರಳಿನಿಂದ ಎರಡು ಕೈಬೆರಳುಗಳಷ್ಟು. ಹಂಗಾಮಿನಲ್ಲಿ ಅದು ಇಮ್ಮಡಿ, ಮುಮ್ಮಡಿ. ಅದೇ ಊರಿನ ಐ.ಟಿ.ಐ., ಡಿಪ್ಲೊಮಾ, ಪದವಿ ಮುಗಿಸಿದ ತರುಣರು ಕೆಲಸಕ್ಕಾಗಿ ಹುಬ್ಬಳ್ಳಿ-ಧಾರವಾಡದ ಕಡೆ ಮುಖ ಮಾಡುತ್ತಾರೆ. ಊರಿನಲ್ಲಿಯೇ ಉಳಿದ ಕಾರ್ಯಾಗಾರದ ಮಾಲೀಕನು ಕೈಗೆ ಕೆಲಸ ಬಲ್ಲ ಹುಡುಗರು ಸಿಗುತ್ತಿಲ್ಲವೆಂದು ಹೇಳಿಕೊಳ್ಳುತ್ತಾನೆ. ಇಬ್ಬರ ಮಾತೂ ಸತ್ಯ.

ಈ ಇಬ್ಬರನ್ನು ಸಮೀಪಕ್ಕೆ ತರಲೆಂದೇ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ಸಾವಿರಾರು ಕೋಟಿ ರೂಪಾಯಿಗಳನ್ನು ತೆಗೆದಿರಿಸಿವೆ. ಆದರೆ ಆ ಹಣದ ಬಹುಭಾಗವು ಮೊರಬದಂಥ ಊರಿನ ಸಣ್ಣ ಘಟಕದ ಹೊಸ್ತಿಲನ್ನು ದಾಟುವುದಿಲ್ಲ. ಯೋಜನೆಯ ಹೆಸರು ತಿಳಿಯದಿರುವುದೊಂದೇ ಇದಕ್ಕೆ ಕಾರಣವಲ್ಲ. ಸರ್ಕಾರದ ಹಣವು ದುಡಿಮೆಯನ್ನು ಹಿಂಬಾಲಿಸುವುದಿಲ್ಲ, ದುಡಿಮೆಯ ದಾಖಲೆಯನ್ನು ಹಿಂಬಾಲಿಸುತ್ತದೆ. ಒಬ್ಬ ಹುಡುಗನು ಲೇತ್ ಯಂತ್ರದ ಮುಂದೆ ಎರಡು ವರ್ಷ ನಿಂತು ಕಲಿತಿದ್ದರೂ ಅವನ ಹೆಸರು ಯಾವುದೇ ನೋಂದಾಯಿತ ಒಪ್ಪಂದದಲ್ಲಿ ಅಥವಾ ಭವಿಷ್ಯನಿಧಿಯ ಮಾಸಿಕ ವಿವರಣೆಯಲ್ಲಿ ಇಲ್ಲದಿದ್ದರೆ, ಸರ್ಕಾರದ ದೃಷ್ಟಿಯಲ್ಲಿ ಅವನು ಕಲಿತೂ ಇಲ್ಲ, ದುಡಿದೂ ಇಲ್ಲ. ಪ್ರಸ್ತುತ ಲೇಖನದಲ್ಲಿ ಸಣ್ಣ ಉದ್ಯಮಿಗೆ ಸಂಬಂಧಿಸಿದ ಮೂರು ಸೌಲಭ್ಯಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಹಣದ ಹಂಚಿಕೆ

2025ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆ ಹಾಗೂ ಜನಶಿಕ್ಷಣ ಸಂಸ್ಥಾನ, ಈ ಮೂರನ್ನೂ ‘ಸ್ಕಿಲ್ ಇಂಡಿಯಾ’ ಎಂಬ ಒಂದೇ ಛತ್ರಿಯಡಿ ತಂದು, 2022-23ರಿಂದ 2025-26ರವರೆಗಿನ ಅವಧಿಗೆ ₹8,800 ಕೋಟಿ ಮಂಜೂರು ಮಾಡಿತು. ಅದರಲ್ಲಿ ₹6,000 ಕೋಟಿ ಕೌಶಲ ವಿಕಾಸ ಯೋಜನೆಗೆ, ₹1,942 ಕೋಟಿ ಅಪ್ರೆಂಟಿಸ್‌ಶಿಪ್ ಯೋಜನೆಗೆ, ₹858 ಕೋಟಿ ಜನಶಿಕ್ಷಣ ಸಂಸ್ಥಾನಗಳಿಗೆ. ಅದೇ ವರ್ಷದ ಜುಲೈ 1ರಂದು ಸಂಪುಟವು ಒಪ್ಪಿದ ಉದ್ಯೋಗಾಧಾರಿತ ಪ್ರೋತ್ಸಾಹ ಯೋಜನೆಯ ಮೊತ್ತ ₹99,446 ಕೋಟಿ. ಇದಕ್ಕೇ ಮುಂದೆ ‘ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ ಯೋಜನೆ’ ಎಂದು ಹೆಸರಾಯಿತು. ಮೊದಲಿನದರ ಹನ್ನೊಂದು ಪಟ್ಟಿಗೂ ಮೀರಿದ ಮೊತ್ತವಿದು. ಇದರ ಅರ್ಥವನ್ನು ವರ್ತಕ ಬಾಂಧವರು ಸರಿಯಾಗಿ ಗ್ರಹಿಸಬೇಕು. ತರಬೇತಿ ಕೇಂದ್ರಕ್ಕೆ ಕೊಡುವುದಕ್ಕಿಂತ, ಕೆಲಸಕ್ಕೆ ಸೇರಿದವನಿಗೆ ಹಾಗೂ ಸೇರಿಸಿಕೊಂಡವನಿಗೆ ಕೊಡುವುದೇ ಲೇಸೆಂಬ ನಿಲುವಿಗೆ ಸರ್ಕಾರ ಬಂದಂತಿದೆ.

ಈ ನಿಲುವು ಅಕಾರಣವಾದುದಲ್ಲ. 2015ರಲ್ಲಿ ಆರಂಭವಾದ ಕೌಶಲ ವಿಕಾಸ ಯೋಜನೆಯಲ್ಲಿ ತರಬೇತಿ ಕೊಡುವವನು ಒಬ್ಬ, ಪ್ರಮಾಣಪತ್ರ ಕೊಡುವವನು ಇನ್ನೊಬ್ಬ, ಕೆಲಸ ಕೊಡಬೇಕಾದವನು ಮತ್ತೊಬ್ಬ. ಈ ಮೂವರಿಗೆ ಪರಸ್ಪರ ಪರಿಚಯವೇ ಇರಲಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯು ಈ ಯೋಜನೆಯ ಫಲಾನುಭವಿಗಳ ಬ್ಯಾಂಕ್ ಖಾತೆಯ ವಿವರಗಳಲ್ಲಿನ ಭಾರಿ ಲೋಪಗಳನ್ನು ಎತ್ತಿ ತೋರಿಸಿದೆ. ಖಾತೆ ಸಂಖ್ಯೆಯಿಲ್ಲದ ಫಲಾನುಭವಿ ಎಂಬುದು ಲೆಕ್ಕ ಬಲ್ಲ ಯಾರಿಗಾದರೂ ಆಶ್ಚರ್ಯದ ಸಂಗತಿಯೇ.

ರಾಜ್ಯದಲ್ಲಿ ಕೌಶಲ್ಯಾಭಿವೃದ್ಧಿಗೆ ಪ್ರತ್ಯೇಕ ಇಲಾಖೆಯಿದೆ. ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ 2017ರಲ್ಲಿ ಆರಂಭವಾಯಿತು. 2022ರಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಲಾಯಿತು. ಸ್ವಯಂ ಉದ್ಯೋಗ ಬಯಸುವವರಿಗೆ ಧಾರವಾಡದ ರುಡ್‌ಸೆಟ್ ಸಂಸ್ಥೆಯೂ, ಧಾರವಾಡದಲ್ಲಿಯೇ ಕೇಂದ್ರ ಕಚೇರಿಯಿರುವ ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರವೂ ಇವೆ. ಕಮ್ಮಾರ, ಬಡಗಿ ಮೊದಲಾದ 18 ಕಸುಬುಗಳವರಿಗೆ 2023ರ ಸೆಪ್ಟೆಂಬರಿನಿಂದ ಪಿ.ಎಂ. ವಿಶ್ವಕರ್ಮ ಯೋಜನೆಯಡಿ ತರಬೇತಿ ದಿನಗಳಿಗೆ ₹500 ಭತ್ಯೆ, ₹15,000 ಮೌಲ್ಯದ ಉಪಕರಣ ಹಾಗೂ ಶೇ. 5ರ ಬಡ್ಡಿಯ ಸಾಲ ದೊರೆಯುತ್ತದೆ. ಇವೆಲ್ಲವೂ ಕಲಿಯುವವನಿಗೆ ಅಥವಾ ಸ್ವತಂತ್ರ ಕಸುಬುದಾರನಿಗೆ ಸಂಬಂಧಿಸಿದವು. 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು ದೇಶದ 500 ಅಗ್ರ ಕಂಪನಿಗಳಿಗಾಗಿ ರೂಪುಗೊಂಡುದು. ಸಣ್ಣ ಉದ್ಯಮಿಗೆ ಅದರಲ್ಲಿ ಸ್ಥಾನವಿಲ್ಲ. ಅವನಿಗೆ ನೇರವಾಗಿ ಸಂಬಂಧಿಸಿದ ಬಾಗಿಲುಗಳು ಮೂರು.

ಮೊದಲ ಬಾಗಿಲು: ಅಪ್ರೆಂಟಿಸ್ ಒಪ್ಪಂದ

ಅಪ್ರೆಂಟಿಸ್ ಕಾಯಿದೆ 1961ರಷ್ಟು ಹಳೆಯದು. ಅರ್ಧ ಶತಮಾನದವರೆಗೆ ಅದು ದೊಡ್ಡ ಕಾರ್ಖಾನೆಗಳ ಕಾಯಿದೆಯೆಂದೇ ಜನಜನಿತವಾಗಿತ್ತು. 2014ರ ತಿದ್ದುಪಡಿಯು ಸೆರೆವಾಸದ ಶಿಕ್ಷೆಯನ್ನು ತೆಗೆದುಹಾಕಿತು ಮತ್ತು ಉದ್ಯಮಿಯು ತನ್ನ ಅಗತ್ಯಕ್ಕೆ ತಕ್ಕಂತೆ ‘ಐಚ್ಛಿಕ ವೃತ್ತಿ’ಗಳನ್ನು ರೂಪಿಸಿಕೊಳ್ಳಲು ಅವಕಾಶವಿತ್ತಿತು. 2019ರ ಸೆಪ್ಟೆಂಬರಿನಲ್ಲಿ ನಿಯಮಗಳು ಮತ್ತಷ್ಟು ಸಡಿಲಗೊಂಡವು. 30 ಅಥವಾ ಹೆಚ್ಚು ಜನರಿರುವ ಘಟಕಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ; ಮೊದಲು ಈ ಗೆರೆ 40ರಲ್ಲಿತ್ತು. 4ರಿಂದ 29 ಜನರಿರುವ ಘಟಕಗಳಿಗೆ ಅದು ಐಚ್ಛಿಕ. ಗುತ್ತಿಗೆ ಕಾರ್ಮಿಕರೂ ಸೇರಿ ಒಟ್ಟು ಸಂಖ್ಯೆಯ ಶೇ. 2.5ರಿಂದ ಶೇ. 15ರವರೆಗೆ ಅಪ್ರೆಂಟಿಸ್‌ಗಳಿರಬಹುದು.

‘ಐಚ್ಛಿಕ’ ಎಂಬ ಶಬ್ದವನ್ನು ಸಣ್ಣ ಉದ್ಯಮಿಗಳು ‘ನಮಗೆ ಸಂಬಂಧವಿಲ್ಲ’ ಎಂದು ಓದಿಕೊಂಡಿರುವುದೇ ಹೆಚ್ಚು. ವಾಸ್ತವದಲ್ಲಿ ಅದು ಬಾಧ್ಯತೆಯಿಲ್ಲದ ಹಕ್ಕು.

ಉದಾಹರಣೆಗಾಗಿ, ಕೂರಿಗೆ ಹಾಗೂ ಟ್ರೇಲರ್ ತಯಾರಿಸುವ 12 ಜನರ ಒಂದು ಕಾರ್ಯಾಗಾರವನ್ನು ಭಾವಿಸಬಹುದು. ಅದು ಐ.ಟಿ.ಐ. ಪಾಸಾದ ಒಬ್ಬ ತರುಣನನ್ನು ಒಂದು ವರ್ಷದ ಅವಧಿಗೆ ವೆಲ್ಡರ್ ಅಪ್ರೆಂಟಿಸ್ ಆಗಿ ತೆಗೆದುಕೊಂಡಿತೆನ್ನೋಣ. 2019ರ ನಿಯಮಗಳಂತೆ ಅವನ ಕನಿಷ್ಠ ಶಿಷ್ಯವೇತನ ತಿಂಗಳಿಗೆ ₹7,000. ಪ್ರೋತ್ಸಾಹ ಯೋಜನೆಯಂತೆ ಸರ್ಕಾರದ ಪಾಲು ಶಿಷ್ಯವೇತನದ ಶೇ. 25, ಗರಿಷ್ಠ ₹1,500. ಇಲ್ಲಿ ಶೇ. 25 ಎಂದರೆ ₹1,750 ಆಗುವುದರಿಂದ ₹1,500ಕ್ಕೆ ನಿಲ್ಲುತ್ತದೆ. ವರ್ಷದ ಶಿಷ್ಯವೇತನ ₹84,000, ಸರ್ಕಾರದ ಪಾಲು ₹18,000, ಮಾಲೀಕನದು ₹66,000. 2016ರಲ್ಲಿ ಯೋಜನೆ ಆರಂಭವಾದಾಗ ಈ ಪಾಲನ್ನು ಮಾಲೀಕನು ಮೊದಲು ಕೊಟ್ಟು ಅನಂತರ ಸರ್ಕಾರದಿಂದ ಪಡೆಯಬೇಕಿತ್ತು. ಅರ್ಜಿಗಳ ಓಡಾಟಕ್ಕೆ ಬೇಸತ್ತು ಕೈಬಿಟ್ಟವರುಂಟು. 2023ರ ಆಗಸ್ಟ್‌ನಿಂದ ಸರ್ಕಾರದ ಪಾಲು ನೇರವಾಗಿ ಅಪ್ರೆಂಟಿಸ್‌ನ ಆಧಾರ್ ಜೋಡಿತ ಖಾತೆಗೆ ಜಮೆಯಾಗುವ ಪದ್ಧತಿ ಬಂದಿತು. 2025ರ ಮೇ ತಿಂಗಳಿನಲ್ಲಿ ಕೇಂದ್ರೀಯ ಅಪ್ರೆಂಟಿಸ್‌ಶಿಪ್ ಮಂಡಳಿಯು ₹5,000ದಿಂದ ₹9,000ದವರೆಗಿದ್ದ ಶಿಷ್ಯವೇತನವನ್ನು ₹6,800ರಿಂದ ₹12,300ಕ್ಕೆ ಏರಿಸಲು ಶಿಫಾರಸು ಮಾಡಿತು. ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ದಿನ ಜಾರಿಯಲ್ಲಿರುವ ಶಿಷ್ಯವೇತನ ಮತ್ತು ಸರ್ಕಾರದ ಪಾಲು ಎರಡನ್ನೂ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಡಿಕೊಂಡೇ ಲೆಕ್ಕ ಹಾಕಬೇಕು.

ತಿಂಗಳಿಗೆ ₹1,500 ಎಂಬುದು ದೊಡ್ಡ ಮೊತ್ತವಲ್ಲ. ಅಪ್ರೆಂಟಿಸ್ ಒಪ್ಪಂದದ ನಿಜವಾದ ಬೆಲೆ ಬೇರೆಡೆ ಇದೆ. ಕಾಯಿದೆಯ 18ನೆಯ ಕಲಮಿನಂತೆ ಅಪ್ರೆಂಟಿಸ್ ‘ಶಿಕ್ಷಣಾರ್ಥಿ’ಯೇ ಹೊರತು ಕಾರ್ಮಿಕನಲ್ಲ. ಭವಿಷ್ಯನಿಧಿಯ ವಂತಿಗೆ ಅವನಿಗೆ ಅನ್ವಯಿಸುವುದಿಲ್ಲ. ಆದರೆ ಈ ರಕ್ಷಣೆ ನೋಂದಾಯಿತ ಒಪ್ಪಂದಕ್ಕೆ ಮಾತ್ರ. ಗ್ಯಾರೇಜುಗಳಲ್ಲಿ, ವೆಲ್ಡಿಂಗ್ ಅಂಗಡಿಗಳಲ್ಲಿ ‘ಕಲೀಲಿಕ್ಕೆ ಬಂದ ಹುಡುಗ’ ಎಂಬ ಒಂದು ವರ್ಗವೇ ಉಂಟು. ತಂದೆಯೇ ಕರೆತಂದು ಬಿಟ್ಟಿರುತ್ತಾನೆ. ಊಟ, ಚಹಾ, ಹಬ್ಬಕ್ಕೆ ಬಟ್ಟೆ, ವಾರದ ಬಟವಡೆಯಲ್ಲಿ ಕೈಖರ್ಚು. ಸಂಪ್ರದಾಯದ ದೃಷ್ಟಿಯಿಂದ ಅವನು ಶಿಷ್ಯ. ಕಾನೂನಿನ ದೃಷ್ಟಿಯಿಂದ ಅವನು ಪೂರ್ಣ ಪ್ರಮಾಣದ ಕಾರ್ಮಿಕ. ಕನಿಷ್ಠ ವೇತನ ಅವನಿಗೆ ಸಲ್ಲಬೇಕು. ಯಂತ್ರಕ್ಕೆ ಕೈ ಸಿಲುಕಿದರೆ ಪರಿಹಾರದ ಹೊಣೆ ಮಾಲೀಕನದು. ನೋಂದಾಯಿತ ಅಪ್ರೆಂಟಿಸ್‌ಗೆ ಗಾಯವಾದಾಗಲೂ ಪರಿಹಾರದ ಹೊಣೆ ಮಾಲೀಕನದೇ ಎಂಬುದನ್ನು ಮರೆಯಬಾರದು. ಆದರೆ ಅಲ್ಲಿ ಅವನು ಯಾರು, ಯಾವ ಶಿಷ್ಯವೇತನದ ಮೇಲೆ, ಎಂದಿನಿಂದ ಇದ್ದನೆಂಬುದು ಕಾಗದದ ಮೇಲಿರುತ್ತದೆ. ಹುಡುಗನು 14 ವರ್ಷಕ್ಕಿಂತ ಕಿರಿಯನಾಗಿದ್ದರೆ, ಅಥವಾ 18 ತುಂಬದವನನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಿದ್ದರೆ, ವಿಷಯವು ಲೆಕ್ಕಪತ್ರದ ವ್ಯಾಪ್ತಿಯನ್ನೇ ದಾಟಿ ಹೋಗುತ್ತದೆ.

ಅಪ್ರೆಂಟಿಸ್‌ಶಿಪ್ ಎಂದರೆ ಲೇತ್, ವೆಲ್ಡಿಂಗ್, ಫಿಟ್ಟಿಂಗ್ ಮಾತ್ರವೆಂದು ವರ್ತಕರು ಭಾವಿಸಬಾರದು. ಚಿಲ್ಲರೆ ಮಾರಾಟ, ಉಗ್ರಾಣ ನಿರ್ವಹಣೆ, ಕಂಪ್ಯೂಟರ್ ನಿರ್ವಹಣೆ, ಲೆಕ್ಕಪತ್ರ ಇವುಗಳಿಗೂ ಅವಕಾಶವಿದೆ. ಒಂದು ಕಾಲಕ್ಕೆ ದಲಾಲಿ ಅಂಗಡಿಯ ಗಾದಿಯ ಪಕ್ಕದಲ್ಲಿ ಕುಳಿತು ಕೀರ್ದಿ-ಖಾತೆ ಕಲಿತ ಗುಮಾಸ್ತರೇ ಮುಂದೆ ಸ್ವಂತ ಅಂಗಡಿ ತೆರೆಯುತ್ತಿದ್ದರು. ಆ ಪದ್ಧತಿಗೆ ಹೆಸರಿರಲಿಲ್ಲ, ಶಿಷ್ಯವೇತನವಿರಲಿಲ್ಲ. ವಿದ್ಯೆ ಮಾತ್ರ ಗಟ್ಟಿಯಿತ್ತು.

ಎರಡನೆಯ ಬಾಗಿಲು: ಹೊಸ ನೇಮಕಕ್ಕೆ ಪ್ರೋತ್ಸಾಹಧನ

ವಿಕಸಿತ ಭಾರತ ರೋಜಗಾರ ಯೋಜನೆಯು 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಅನ್ವಯಿಸುತ್ತದೆ. ಅದರ ಮೊದಲ ಭಾಗ ಹೊಸದಾಗಿ ದುಡಿಮೆಗೆ ಬಂದವನಿಗೆ: ಭವಿಷ್ಯನಿಧಿಗೆ ಪ್ರಥಮ ಬಾರಿಗೆ ಸೇರಿದವನಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ ₹15,000, ಎರಡು ಕಂತುಗಳಲ್ಲಿ. ಆರು ತಿಂಗಳ ಸೇವೆಯ ನಂತರ ಮೊದಲ ಕಂತು. ಹನ್ನೆರಡು ತಿಂಗಳ ಸೇವೆ ಹಾಗೂ ಹಣಕಾಸು ಸಾಕ್ಷರತೆಯ ಪಾಠ ಮುಗಿಸಿದ ನಂತರ ಎರಡನೆಯದು. ಎರಡನೆಯ ಭಾಗ ಮಾಲೀಕನಿಗೆ: ಹೆಚ್ಚುವರಿಯಾಗಿ ನೇಮಿಸಿಕೊಂಡ ಪ್ರತಿಯೊಬ್ಬನಿಗೆ, ಭವಿಷ್ಯನಿಧಿ ವೇತನ ₹10,000ದವರೆಗಿದ್ದರೆ ಅನುಪಾತದಲ್ಲಿ ₹1,000ದವರೆಗೆ, ₹10,000 ಮೀರಿ ₹20,000ದವರೆಗೆ ₹2,000, ಅದಕ್ಕೂ ಮೇಲೆ ಒಂದು ಲಕ್ಷದವರೆಗೆ ₹3,000, ತಿಂಗಳಿಗೆ. ಎರಡು ವರ್ಷಗಳ ಅವಧಿ. ತಯಾರಿಕಾ ಘಟಕಗಳಿಗೆ ಮೂರನೆಯ ಮತ್ತು ನಾಲ್ಕನೆಯ ವರ್ಷಕ್ಕೂ ವಿಸ್ತರಣೆ. 50ಕ್ಕಿಂತ ಕಡಿಮೆ ನೌಕರರಿರುವ ಘಟಕವು ಕನಿಷ್ಠ ಇಬ್ಬರನ್ನು, 50 ಅಥವಾ ಹೆಚ್ಚಿರುವ ಘಟಕವು ಕನಿಷ್ಠ ಐವರನ್ನು ಹೆಚ್ಚಿಸಬೇಕು. ಅವರು ಕನಿಷ್ಠ ಆರು ತಿಂಗಳು ಉಳಿಯಬೇಕು.

24 ಜನರಿರುವ, ನಿಯಮಿತವಾಗಿ ಭವಿಷ್ಯನಿಧಿ ತುಂಬುತ್ತಿರುವ ಒಂದು ಬೇಳೆ ಗಿರಣಿಯನ್ನು ಕಲ್ಪಿಸಿಕೊಳ್ಳಬಹುದು. ಅದು ಮೂವರು ತರುಣರನ್ನು ತಲಾ ₹14,000 ವೇತನಕ್ಕೆ ಸೇರಿಸಿಕೊಂಡಿತು. (ಅಂಕಿ ಉದಾಹರಣೆಗೆ ಮಾತ್ರ, ಕನಿಷ್ಠ ವೇತನದ ಅಧಿಸೂಚನೆಯ ಕೆಳಗೆ ಇಳಿಯುವಂತಿಲ್ಲ.) ಭವಿಷ್ಯನಿಧಿ ಶೇ. 12, ಠೇವಣಿ ಜೋಡಿತ ವಿಮೆ ಶೇ. 0.5, ಆಡಳಿತ ವೆಚ್ಚ ಶೇ. 0.5, ಒಟ್ಟು ಶೇ. 13ರಂತೆ ಮಾಲೀಕನ ಹೊರೆ ತಲಾ ₹1,820. ಪ್ರೋತ್ಸಾಹಧನ ₹2,000. ಅಂದರೆ ನೋಂದಾಯಿಸದೆ ₹14,000 ಕೊಡುವ ಮಾಲೀಕನಿಗಿಂತ ನೋಂದಾಯಿಸಿ ಕೊಡುವ ಮಾಲೀಕನಿಗೆ ತಿಂಗಳಿಗೆ ₹180 ಕಡಿಮೆ ಬೀಳುತ್ತದೆ! ಘಟಕವು ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಯಲ್ಲಿದ್ದರೆ ಶೇ. 3.25ರಂತೆ ₹455 ಬೇರೆ; ಆಗಲೂ ನಿವ್ವಳ ಹೆಚ್ಚಳ ₹275 ಮಾತ್ರ. ಮೂವರಿಂದ ಎರಡು ವರ್ಷಕ್ಕೆ ಬರುವ ಪ್ರೋತ್ಸಾಹಧನ ₹1,44,000. ತಯಾರಿಕಾ ಘಟಕವೆಂಬ ಮಾನ್ಯತೆಯಿದ್ದರೆ ನಾಲ್ಕು ವರ್ಷಕ್ಕೆ ₹2,88,000. ಈ ಮೊತ್ತವು ಉದ್ಯಮದ ಆದಾಯವೇ ಆದುದರಿಂದ ತೆರಿಗೆಗೆ ಒಳಪಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

‘ಪಿ.ಎಫ್. ಎಂದರೆ ಹೊರೆ’ ಎಂಬ ಮಾತು ಮಾರುಕಟ್ಟೆಯಲ್ಲಿ ಎಷ್ಟು ಬೇರೂರಿದೆಯೆಂದರೆ, ಇಂಥ ಸರಳ ಕೂಡು-ಕಳೆಯನ್ನು ಮಾಡಿ ನೋಡುವವರೇ ವಿರಳ. ಇದೇ ಬಗೆಯ ಎರಡು ಅವಕಾಶಗಳು ಈಗಾಗಲೇ ಬಂದು ಹೋಗಿವೆ. 2016ರಲ್ಲಿ ಆರಂಭವಾಗಿ 2019ರ ಮಾರ್ಚ್‌ವರೆಗೆ ನೋಂದಣಿಗೆ ತೆರೆದಿದ್ದ ಪ್ರಧಾನಮಂತ್ರಿ ರೋಜಗಾರ ಪ್ರೋತ್ಸಾಹನ ಯೋಜನೆ ಒಂದು. 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಇದ್ದ ಆತ್ಮನಿರ್ಭರ ಭಾರತ ರೋಜಗಾರ ಯೋಜನೆ ಇನ್ನೊಂದು. ಎರಡರಲ್ಲಿಯೂ ಪ್ರಯೋಜನ ಪಡೆದವರು ಯೋಜನೆ ಘೋಷಣೆಯಾಗುವ ಮೊದಲೇ ದಾಖಲೆ ಸರಿಯಿಟ್ಟುಕೊಂಡಿದ್ದವರು. ‘ಹೆಚ್ಚುವರಿ ನೌಕರ’ ಎಂಬುದನ್ನು ನಿರ್ಣಯಿಸುವುದೇ ಹಿಂದಿನ ಮಾಸಿಕ ವಿವರಣೆಗಳಿಂದ. ಹೊಸದಾಗಿ ಭವಿಷ್ಯನಿಧಿಗೆ ಸೇರುವ ಘಟಕಕ್ಕೆ ಮೂಲಸಂಖ್ಯೆಯ ನಿಯಮವೇ ಬೇರೆ. ಈಗಾಗಲೇ ಇರುವ ಹತ್ತು ಜನರನ್ನು ಒಮ್ಮೆಲೇ ನೋಂದಾಯಿಸಿ ಎಲ್ಲರಿಗೂ ಪ್ರೋತ್ಸಾಹಧನ ಕೇಳಬಹುದೆಂಬ ಭ್ರಮೆ ಬೇಡ.

ಹೊಸ ನೌಕರನ ಯೂನಿವರ್ಸಲ್ ಖಾತೆ ಸಂಖ್ಯೆಯನ್ನು ಉಮಂಗ್ ಆ್ಯಪ್‌ನಲ್ಲಿ ಮುಖಚಹರೆ ದೃಢೀಕರಣದ ಮೂಲಕ ಸೃಷ್ಟಿಸಬೇಕು. ಅವನ ಬ್ಯಾಂಕ್ ಖಾತೆ ಆಧಾರ್‌ಗೆ, ಮಾಲೀಕನ ಖಾತೆ ಪ್ಯಾನ್‌ಗೆ ಜೋಡಣೆಯಾಗಿರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು, ಅಡ್ಡಹೆಸರು ಹಿಂದೆಯೋ ಮುಂದೆಯೋ ಎಂಬ ಗೊಂದಲ ಉತ್ತರ ಕರ್ನಾಟಕದಲ್ಲಿ ಮನೆಮನೆಯ ಸಮಸ್ಯೆ. ನೇಮಕದ ದಿನವೇ ಅದನ್ನು ಸರಿಪಡಿಸಿಕೊಳ್ಳುವುದು ಲೇಸು. ಆರು ತಿಂಗಳ ನಂತರ ಕಂತು ತಿರಸ್ಕೃತವಾದಾಗಲ್ಲ.

ಮೂರನೆಯ ಬಾಗಿಲು: ಆದಾಯ ತೆರಿಗೆಯ ಕಡಿತ

1961ರ ಆದಾಯ ತೆರಿಗೆ ಕಾಯಿದೆಯ 80ಜೆಜೆಎಎ ಕಲಮು ಹೊಸ ಉದ್ಯೋಗ ಸೃಷ್ಟಿಗೆ ವಿಶೇಷ ಕಡಿತವನ್ನು ನೀಡಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಹೊಸ ಕಾಯಿದೆಯಲ್ಲಿಯೂ, ಕಲಮಿನ ಸಂಖ್ಯೆ ಬದಲಾದರೂ, ಈ ಕಡಿತಕ್ಕೆ ಸ್ಥಾನವಿದೆ. ಹೆಚ್ಚುವರಿ ನೌಕರರ ವೇತನವನ್ನು ಎಂದಿನಂತೆ ಖರ್ಚು ಹಾಕಿದ ಮೇಲೆ, ಅದರ ಶೇ. 30ರಷ್ಟನ್ನು ಮತ್ತೊಮ್ಮೆ, ಮೂರು ವರ್ಷಗಳವರೆಗೆ ಕಳೆಯಬಹುದು. ಹಳೆಯ, ಹೊಸ ಎರಡೂ ತೆರಿಗೆ ಪದ್ಧತಿಗಳಲ್ಲಿ ಇದು ದೊರೆಯುವಂಥದು.

ಮೇಲಿನ ಬೇಳೆ ಗಿರಣಿಯು ಪಾಲುದಾರಿಕೆ ಸಂಸ್ಥೆಯಾಗಿದ್ದರೆ, ಮೂವರ ವಾರ್ಷಿಕ ವೇತನ ₹5,04,000, ಅದರ ಶೇ. 30, ₹1,51,200. ಉಪಕರ ಸೇರಿ ಶೇ. 31.2ರ ದರದಲ್ಲಿ ವರ್ಷಕ್ಕೆ ಸುಮಾರು ₹47,000, ಮೂರು ವರ್ಷಕ್ಕೆ ₹1,41,000ಕ್ಕೂ ಮಿಕ್ಕಿ ತೆರಿಗೆ ಉಳಿಯುತ್ತದೆ.

ಷರತ್ತುಗಳು ಮಾತ್ರ ಬಿಗಿ. ವೇತನ ತಿಂಗಳಿಗೆ ₹25,000 ಮೀರಬಾರದು. ನೌಕರನು ಮಾನ್ಯತೆ ಪಡೆದ ಭವಿಷ್ಯನಿಧಿಯ ಸದಸ್ಯನಾಗಿರಬೇಕು. ವರ್ಷದಲ್ಲಿ 240 ದಿನ ನೌಕರಿಯಲ್ಲಿರಬೇಕು. ಆಗಸ್ಟ್ ಮೊದಲ ವಾರದ ನಂತರ ಸೇರಿದವನು ಆ ವರ್ಷ ಎಣಿಕೆಗೆ ಬರುವುದಿಲ್ಲ, ಮುಂದಿನ ವರ್ಷ ಅವಧಿ ಪೂರೈಸಿದರೆ ಆಗ ಬರುತ್ತಾನೆ. ವೇತನವನ್ನು ಚೆಕ್ ಅಥವಾ ಬ್ಯಾಂಕಿನ ಮೂಲಕವೇ ಕೊಟ್ಟಿರಬೇಕು. ನಗದು ಬಟವಡೆಗೆ ಈ ಕಡಿತವಿಲ್ಲ. ಹಿಂದಿನ ವರ್ಷದ ಕೊನೆಯ ದಿನಕ್ಕಿಂತ ಒಟ್ಟು ನೌಕರರ ಸಂಖ್ಯೆ ಹೆಚ್ಚಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಉದ್ಯಮವು ತೆರಿಗೆ ಲೆಕ್ಕಪರಿಶೋಧನೆಗೆ ಒಳಪಟ್ಟಿರಬೇಕು, ಲೆಕ್ಕಪರಿಶೋಧಕರ ವರದಿ ವಾಯಿದೆಯೊಳಗೆ ಸಲ್ಲಿಕೆಯಾಗಿರಬೇಕು. ಅಂದಾಜು ಆದಾಯದ ಪದ್ಧತಿಯಲ್ಲಿ ವಿವರಣೆ ಸಲ್ಲಿಸಿ ಲೆಕ್ಕಪರಿಶೋಧನೆಯಿಂದ ಮುಕ್ತನಾದ ಚಿಕ್ಕ ವ್ಯಾಪಾರಿಗೆ ಈ ಬಾಗಿಲು ಮುಚ್ಚಿದೆ. ಅಪ್ರೆಂಟಿಸ್‌ಗೆ ಕೊಟ್ಟ ಶಿಷ್ಯವೇತನಕ್ಕೂ ಇದು ಅನ್ವಯಿಸದು, ಏಕೆಂದರೆ ಅವನು ಭವಿಷ್ಯನಿಧಿಯ ಸದಸ್ಯನಲ್ಲ.

ಅದರಿಂದಲೇ ಕ್ರಮವು ಮುಖ್ಯವಾಗುತ್ತದೆ. ಐ.ಟಿ.ಐ. ಹುಡುಗನನ್ನು ಮೊದಲು ನೋಂದಾಯಿತ ಅಪ್ರೆಂಟಿಸ್ ಆಗಿ ತೆಗೆದುಕೊಂಡರೆ ಆ ಅವಧಿಯಲ್ಲಿ ಭವಿಷ್ಯನಿಧಿಯ ಖಾತೆ ಹುಟ್ಟುವುದಿಲ್ಲ. ವರ್ಷದ ನಂತರ ಅವನನ್ನು ಕಾಯಂ ಮಾಡಿಕೊಂಡಾಗ ಅವನು ನಿಧಿಗೆ ಪ್ರಥಮ ಬಾರಿಗೆ ಸೇರುವವನಾಗುತ್ತಾನೆ. ಅವನಿಗೂ ಮಾಲೀಕನಿಗೂ ರೋಜಗಾರ ಯೋಜನೆಯ ಪಾಲು, ಮಾಲೀಕನಿಗೆ ತೆರಿಗೆ ಕಡಿತ. ಈ ಕಾಯಂ ನೇಮಕವು 2027ರ ಜುಲೈ 31ರೊಳಗೆ ಆಗಬೇಕಾದುದರಿಂದ, ಅಪ್ರೆಂಟಿಸ್ ಅವಧಿಯನ್ನು ಗೊತ್ತುಪಡಿಸುವಾಗಲೇ ಪಂಚಾಂಗವನ್ನು ಎದುರಿಗಿಟ್ಟುಕೊಳ್ಳಬೇಕು. ಐಚ್ಛಿಕ ವೃತ್ತಿಗಳಲ್ಲಿ ಆರು ತಿಂಗಳ ಅವಧಿಗೂ ಅವಕಾಶವಿದೆ.

ಎರೆನಾಡಿನ ಅಡಚಣೆ

ಇಷ್ಟೆಲ್ಲ ಹೇಳಿದ ಮೇಲೂ ಮೊರಬದ ಸುತ್ತಲಿನ ಉದ್ಯಮಿಯೊಬ್ಬನು ಕೇಳಬಹುದಾದ ಪ್ರಶ್ನೆ ಉಳಿದೇ ಇದೆ. ಅವನ ಗಿರಣಿಯಲ್ಲಿ 24 ಜನರಿಲ್ಲ, 9 ಜನರಿದ್ದಾರೆ. ಹತ್ತಿಯ ಜಿನ್ನಿಂಗ್ ಇರಲಿ, ಬೇಳೆ ಇರಲಿ, ಕೆಲಸವು ಫಸಲು ಬಂದಾಗ ಮಾತ್ರ. ದೀಪಾವಳಿಯ ಸುಮಾರಿಗೆ ಬಂದ ಕೈಗಳು ಯುಗಾದಿಯ ಹೊತ್ತಿಗೆ ಹೊಲಕ್ಕೆ ಮರಳುತ್ತವೆ. ಅವರಿಗೆ 240 ದಿನಗಳು ತುಂಬುವುದು ಅಸಾಧ್ಯ. ಆರು ತಿಂಗಳು ತುಂಬುವುದೂ ಕಷ್ಟ.

ಈ ಆಕ್ಷೇಪಣೆಯಲ್ಲಿ ಹುರುಳಿದೆ. ನೌಕರರ ಭವಿಷ್ಯನಿಧಿಗೆ 1952ರ ಕಾಯಿದೆಯು ಹಾಕಿದ ಇಪ್ಪತ್ತು ಜನರ ಗೆರೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಅದಕ್ಕಿಂತ ಕಡಿಮೆ ಜನರಿರುವ ಘಟಕವು ಸ್ವಇಚ್ಛೆಯಿಂದ ಸೇರಬಹುದು. ಸೇರಿದ ಮೇಲೆ ಬಾಧ್ಯತೆ ಮುಂದುವರಿಯುತ್ತದೆ, ಪ್ರೋತ್ಸಾಹಧನವಾದರೋ ವರ್ಷಗಳ ಲೆಕ್ಕದಲ್ಲಿ ಮುಗಿಯುತ್ತದೆ. ಆದುದರಿಂದ ಕೇವಲ ಪ್ರೋತ್ಸಾಹಧನದ ಆಸೆಗೆ 9 ಜನರ ಗಿರಣಿಯು ನಿಧಿಗೆ ಸೇರುವುದು ವಿವೇಕವಲ್ಲ. ವರ್ಷವಿಡೀ ಇರುವ ನಾಲ್ಕೈದು ನುರಿತ ಕೆಲಸಗಾರರು ಹುಬ್ಬಳ್ಳಿಯ ಕಾರ್ಖಾನೆಗೆ ಹೋಗದೆ ಉಳಿಯಬೇಕೆಂಬ ಉದ್ದೇಶವಿದ್ದರೆ ಮಾತ್ರ ಸೇರಬೇಕು. ಹಾಗಿಲ್ಲದವರಿಗೆ ಮೊದಲ ಬಾಗಿಲೊಂದೇ ಉಳಿದಿರುವುದು; ನಾಲ್ಕು ಜನರಿದ್ದರೂ ತೆರೆಯುವ ಬಾಗಿಲು ಅದೊಂದೇ. ಆದರೆ ಒಟ್ಟು ₹8,800 ಕೋಟಿಯಲ್ಲಿ ಅದಕ್ಕೆ ದಕ್ಕಿದ್ದು ₹1,942 ಕೋಟಿ.

ಇನ್ನು 240 ದಿನಗಳ ಷರತ್ತು. ಸಿದ್ಧ ಉಡುಪು, ಪಾದರಕ್ಷೆ ಮತ್ತು ಚರ್ಮೋದ್ಯಮಗಳಿಗೆ ಇದೇ ಕಲಮಿನಲ್ಲಿ 150 ದಿನಗಳ ರಿಯಾಯಿತಿಯಿದೆ. ಆ ಉದ್ಯಮಗಳಲ್ಲಿ ಕೆಲಸಗಾರರು ನಿಲ್ಲುವುದಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಕೃಷಿ ಉತ್ಪನ್ನಗಳ ಸಂಸ್ಕರಣೆಯಲ್ಲಿ ಕೆಲಸವೇ ವರ್ಷವಿಡೀ ನಿಲ್ಲುವುದಿಲ್ಲ. ರಿಯಾಯಿತಿಗೆ ಇದಕ್ಕಿಂತ ಬಲವಾದ ಕಾರಣ ಬೇಕೆ? ಜಿನ್ನಿಂಗ್, ಬೇಳೆ, ಮೆಣಸಿನಕಾಯಿ ಪುಡಿ, ಎಣ್ಣೆ ಗಿರಣಿಗಳನ್ನು 150 ದಿನಗಳ ಪಟ್ಟಿಗೆ ಸೇರಿಸಬೇಕೆಂಬುದು ಬಜೆಟ್‌ಪೂರ್ವ ಮನವಿಪತ್ರಗಳಲ್ಲಿ ಸ್ಥಾನ ಪಡೆಯತಕ್ಕ ಬೇಡಿಕೆ. ಆದರೆ ಇಂಥ ಬೇಡಿಕೆಗೆ ಅಂಕಿಗಳ ಆಧಾರ ಬೇಕು: ಎಷ್ಟು ಘಟಕಗಳು, ಹಂಗಾಮಿನಲ್ಲಿ ಎಷ್ಟು ಕೈಗಳು, ಎಷ್ಟು ದಿನಗಳು. ಹಂಗಾಮಿನ ಹಾಜರಿಯನ್ನು ಬರೆದಿಡದ ಉದ್ಯಮವು ಹಂಗಾಮಿನ ರಿಯಾಯಿತಿಯನ್ನು ಕೇಳುವುದು ಹೇಗೆ ಎಂಬ ತೊಡಕೂ ಇಲ್ಲಿದೆ.

ಯುವನಿಧಿಯೊಂದಿಗಿನ ಎಳೆದಾಟ

ರಾಜ್ಯ ಸರ್ಕಾರವು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಪಡೆದವನಿಗೆ ₹1,500, ಗರಿಷ್ಠ ಎರಡು ವರ್ಷ. ಕೆಲಸ ದೊರೆತೊಡನೆ ಅದು ನಿಲ್ಲುತ್ತದೆ. ಅಪ್ರೆಂಟಿಸ್ ವೇತನ ಪಡೆಯುವವನಿಗೂ ಅದು ಸಲ್ಲದು. ಕೆಲಸ ಹುಡುಕುವ ದಿನಗಳಲ್ಲಿ ತರುಣನಿಗೊಂದು ಆಸರೆ ಎಂಬ ದೃಷ್ಟಿಯಿಂದ ಯೋಜನೆ ಸಮರ್ಥನೀಯವೇ. ಆದರೆ ಹೋಬಳಿ ಊರಿನ ವಾಸ್ತವದಲ್ಲಿ ಅದು ಒಂದು ವಿಚಿತ್ರ ಒಪ್ಪಂದಕ್ಕೆ ದಾರಿ ಮಾಡಿಕೊಡಬಹುದು. ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯಲು ಬಂದ ಪದವೀಧರನು ‘ನನ್ನ ಹೆಸರು ಪುಸ್ತಕಕ್ಕೆ ಹಾಕಬೇಡಿ’ ಎನ್ನುತ್ತಾನೆ. ಮಾಲೀಕನಿಗೂ ಅದೇ ಬೇಕಾಗಿರುತ್ತದೆ. ಒಬ್ಬನಿಗೆ ₹3,000 ಉಳಿಯಿತು, ಇನ್ನೊಬ್ಬನಿಗೆ ವಂತಿಗೆ ಉಳಿಯಿತು.

ಈ ಉಳಿತಾಯದ ಬೆಲೆಯನ್ನು ಎಣಿಸಬೇಕು. ತರುಣನು ತಾನು ನಿರುದ್ಯೋಗಿಯೆಂದು ಕಾಲಕಾಲಕ್ಕೆ ಸುಳ್ಳು ಘೋಷಣೆ ಮಾಡಬೇಕಾಗುತ್ತದೆ. ಗೊತ್ತಿದ್ದೂ ಹೆಸರು ಬಚ್ಚಿಟ್ಟ ಮಾಲೀಕನು ಆ ಸುಳ್ಳಿನ ಪಾಲುದಾರ. ಮಾಲೀಕನು ವೇತನವನ್ನು ಖರ್ಚಿಗೆ ಬರೆದರೆ ಅದೇ ಸುಳ್ಳಿಗೆ ಸಾಕ್ಷಿ, ಬರೆಯದಿದ್ದರೆ ಆ ವೇತನದ ಮೇಲೂ ತೆರಿಗೆ. ಮಾಲೀಕನು ಭವಿಷ್ಯನಿಧಿಗೆ ಒಳಪಟ್ಟವನಾಗಿದ್ದಲ್ಲಿ ತರುಣನಿಗೆ ರೋಜಗಾರ ಯೋಜನೆಯ ಮೊತ್ತ ತಪ್ಪಿತು, ಮಾಲೀಕನಿಗೆ ಪ್ರೋತ್ಸಾಹಧನವೂ ತೆರಿಗೆ ಕಡಿತವೂ ತಪ್ಪಿದವು. ಎರಡು ವರ್ಷ ಕಳೆದು ಯುವನಿಧಿ ನಿಂತಾಗ ಆ ತರುಣನ ಕೈಯಲ್ಲಿ ಅನುಭವದ ಪತ್ರವಿಲ್ಲ; ಹುಬ್ಬಳ್ಳಿಯ ಕಂಪನಿಯು ಅವನನ್ನು ಹೊಸಬನೆಂದೇ ಕಾಣುತ್ತದೆ. ಬ್ಯಾಂಕಿನಲ್ಲಿ ಸಾಲ ಕೇಳಿದರೆ ಅವನಿಗೆ ವೇತನದ ಪುರಾವೆಯಿಲ್ಲ.

ಕೇಂದ್ರವು ನೋಂದಾಯಿಸಿದವನಿಗೆ ಹಣ ಕೊಡುತ್ತಿದೆ, ರಾಜ್ಯವು ನೋಂದಣಿಯಾಗದವನಿಗೆ ಕೊಡುತ್ತಿದೆ. ನಿರುದ್ಯೋಗಿಯು ನೋಂದಾಯಿತ ಕೆಲಸಕ್ಕೆ ಸೇರಿದ ನಂತರವೂ ಮೊದಲ ಆರು ತಿಂಗಳು ಯುವನಿಧಿಯ ಅರ್ಧ ಮೊತ್ತವನ್ನಾದರೂ ಮುಂದುವರಿಸಿದ್ದರೆ, ಹೆಸರನ್ನು ಮುಚ್ಚಿಡುವ ಪ್ರಲೋಭನೆ ಬಹುಮಟ್ಟಿಗೆ ಕಡಿಮೆಯಾಗುತ್ತಿತ್ತು. ರೋಜಗಾರ ಯೋಜನೆಯ ಮೊದಲ ಕಂತು ಕೈಸೇರುವುದು ಆರು ತಿಂಗಳ ಸೇವೆಯ ನಂತರವಾದುದರಿಂದ, ಆ ನಡುವಿನ ಅಂತರವನ್ನು ತುಂಬಲು ರಾಜ್ಯಕ್ಕೆ ತಗಲುವ ವೆಚ್ಚವು ಪದವೀಧರನೊಬ್ಬನಿಗೆ ₹9,000. ಎರಡು ವರ್ಷ ಪೂರ್ತಿ ಯುವನಿಧಿ ಕೊಟ್ಟರೆ ಆಗುವ ವೆಚ್ಚ ₹72,000.